ರಾಜ ನಗುವ ಜಾಗ

ನಮ್ಮ ಹಾಸನ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಗದೆ ಹೊತ್ತು ಬರುವ ರಾಜನಿಗೆ ಒಂದು ಹಾಡಿದೆ. ಹೊಳೆನರಸೀಪುರದ ಕಡೆಯವರು ಹಾಡಿದ್ದು, ಅರಕಲಗೂಡಿನವರು ಹಾಡಿದ್ದು, ಮದುವೆ ಆರ್ಕೆಸ್ಟ್ರಾದವರು ಡ್ರಮ್ ಬಡಿದು ಕೆಡಿಸಿದ್ದು, ಎಲ್ಲವೂ ನನ್ನ ಮೊಬೈಲಿನಲ್ಲಿವೆ. ಯಾರೇ ಹಾಡಲಿ, ಎರಡನೇ ಸಾಲಿನ ಕೊನೆಯಲ್ಲಿ ಹಾಡು ನಿಲ್ಲಿಸಿ ಗಹಗಹಿಸಿ ನಗುತ್ತಾರೆ. ಜನ ಅದಕ್ಕೇ ಒನ್ಸ್ ಮೋರ್ ಕೂಗುತ್ತಾರೆ. ಆ ನಗು ಕೇಳಿದರೆ ನನಗೆ ಮೈ ಉರಿಯುತ್ತದೆ.

ಯಾಕೆಂದರೆ ಅದು ಹುಟ್ಟಿದ್ದು ಬಾಗೂರಿನಲ್ಲಿ, ನನ್ನ ದೊಡ್ಡವ್ವನ ಅಡುಗೆಮನೆಯಲ್ಲಿ. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಒಂದು ಸಲ ಊರಿನ ನಾಟಕದಲ್ಲಿ ದೊಡ್ಡಪ್ಪ ರಾಜನ ಪಾತ್ರ ವಹಿಸಿಕೊಂಡಿದ್ದ. ತಾಲೀಮು ಅವರ ಮನೆಯ ಹಜಾರದಲ್ಲೇ ನಡೆಯುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟದ್ದು ಒಳಗೆ ಮುದ್ದೆ ತಿರುವುತ್ತಿದ್ದ ದೊಡ್ಡವ್ವನಿಗೆ ಬರುತ್ತಿತ್ತು, ಎದುರಿಗೇ ಕೂತ ದೊಡ್ಡಪ್ಪನಿಗೆ ಹತ್ತುತ್ತಿರಲಿಲ್ಲ. ಮೇಷ್ಟ್ರು ಹೊರಟಮೇಲೆ ಅವಳೇ ಗಂಡನಿಗೆ ಸಾಲು ಸಾಲಾಗಿ ಬಾಯಿಪಾಠ ಮಾಡಿಸುತ್ತಿದ್ದಳು. ಆದರೆ ಎರಡನೇ ಸಾಲಿನ ಮೇಲಿನ ಸ್ವರಕ್ಕೆ ಅವನ ಗಂಟಲು ಏರಲೇ ಇಲ್ಲ.

"ಅಲ್ಗಂಟ ಓಗ್ಬ್ಯಾಡಿ, ನಕ್ಬುಡಿ. ರಾಜ ಅಲ್ವಾ, ನಗ್ತಾನೆ," ಅಂದಳು.

ಅವನು ನಕ್ಕ. ಊರು ಶಿಳ್ಳೆ ಹೊಡೆಯಿತು, ಕೊರಳಿಗೆ ಹಾರ ಬಿತ್ತು. ನೋಡಿದ ಅಕ್ಕಪಕ್ಕದ ಊರಿನವರೂ ತಮ್ಮ ನಾಟಕಗಳಲ್ಲಿ ಅದೇ ಜಾಗಕ್ಕೆ ನಗತೊಡಗಿದರು. ಈಗ ಅದು ದೊಡ್ಡಪ್ಪನ ಶೈಲಿಯಂತೆ! ಹೆಣ್ಣು ಪಾತ್ರಕ್ಕೂ ಹೊರಗಿನಿಂದ ಕಲಾವಿದೆಯರನ್ನು ಕರೆಸುವ ಪದ್ಧತಿ ನಮ್ಮದು. ಮನೆ ಹೆಂಗಸು ಸ್ಟೇಜು ಹತ್ತುವ ಮಾತೇ ಇಲ್ಲ. ಹೇಳಿಕೊಟ್ಟವಳು ಹೆಂಗಸರ ನಡುವೆ ಚಾಪೆ ಹಾಸಿಕೊಂಡು ಕೂತು ನೋಡಿದಳು.

ಅಷ್ಟು ಜನ ಹಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಮಾತ್ರ ಅವಳದು. ಅದೂ ನನ್ನ ಮೊಬೈಲಿನಲ್ಲಿದೆ; ರಾಗಿ ಕೇರುತ್ತಾ ಹಾಡುತ್ತಾಳೆ. ರಾಜ ನಗುವ ಜಾಗ ಬಂದಾಗ ಅವಳು ನಗುವುದಿಲ್ಲ. ಮೊರ ನಿಲ್ಲುತ್ತದೆ, ಸ್ವರ ನೆಟ್ಟಗೆ ಮೇಲಕ್ಕೆ ಹೋಗಿ ಅಲ್ಲೇ ನಿಂತುಕೊಳ್ಳುತ್ತದೆ. ಎಷ್ಟು ಸಲ ಕೇಳಿದರೂ ನನ್ನ ಕಣ್ಣು ತುಂಬುತ್ತದೆ.

ಹೋದ ವರ್ಷ ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ಅವಳ ಮೊಮ್ಮಗಳ ಆರತಕ್ಷತೆ. ದೊಡ್ಡಪ್ಪ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಆರ್ಕೆಸ್ಟ್ರಾದವನು "ಮನೆಯವ್ರು ಯಾರಾದ್ರೂ ಹಾಡ್ತೀರಾ?" ಎಂದು ಕೇಳಿದ. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಅವಳ ಕೈಗೆ ಮೈಕ್ ಬಂದಿತ್ತು. ಮೊದಲ ಸಾಲಿಗೇ ಊಟದ ಹಾಲಿನಿಂದ ಜನ ಇಣುಕಿದರು. ಎರಡನೇ ಸಾಲು ಇನ್ನೇನು ಏರಬೇಕು, ಅವಳ ಮಗ, ಅಂದರೆ ನನ್ನ ಅಣ್ಣ, ಸ್ಟೇಜಿಗೆ ನುಗ್ಗಿ ಮೈಕ್ ಕಿತ್ತುಕೊಂಡ.

"ಬೀಗ್ರ ಮುಂದೆ ಮಾನ ಕಳೀಬ್ಯಾಡ ಕಣವ್ವ. ನಡಿ ಕೆಳಕ್ಕೆ."

ಅಪ್ಪ ತೊಡೆ ತಟ್ಟಿಕೊಂಡು ಕುಣಿದಾಗ ಹೋಗದ ಮಾನ ಅವ್ವ ಒಂದು ಸಾಲು ಹಾಡಿದರೆ ಹೋಗುತ್ತದಂತೆ! "ಅಣ್ಣ, ಕೊಡು ಮೈಕು!" ಎಂದು ನಾನು ಕಿರುಚಿದೆ. ನೆಂಟರೆಲ್ಲ ನನ್ನನ್ನೇ ತಿರುಗಿ ನೋಡಿದರು. ಹಿಂದಿನ ಸಾಲಿನ ಯಾರೋ "ಪಾಪ, ಅಜ್ಜಿಗೆ ನಗೋದು ಮರ್ತೋಯ್ತು" ಅಂದರು. ದೊಡ್ಡವ್ವ ಇಳಿದು ಬಂದಳು. ಆವತ್ತು ಅವಳು ಊಟ ಮಾಡಲಿಲ್ಲ. ಆಮೇಲೆ ಮೊರ ಹಿಡಿದಾಗಲೂ ಹಾಡಲಿಲ್ಲ. ಅದಕ್ಕಾಗಿ ನಾನು ಅಣ್ಣನನ್ನು ಇವತ್ತಿಗೂ ಕ್ಷಮಿಸಿಲ್ಲ.

ಈ ವರ್ಷ ಅವನೇ ರಾಜನ ಪಾತ್ರ ಹಿಡಿದಿದ್ದಾನೆ. ಮೇಷ್ಟ್ರು ಹೊಸಬರು, ಬಿಗಿ ಮನುಷ್ಯ. ನಗುವುದೆಲ್ಲ ಬೇಡ, ಸ್ವರ ಹಿಡಿಯಿರಿ ಎಂದಿದ್ದಾರೆ. ಮೊನ್ನೆ ನಾನು ಬಾಗೂರಿಗೆ ಹೋದಾಗ ಅವನು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಎಲ್ಡ್ನೇ ಸಾಲು ಒಂದ್ಸಲ ಏಳ್ಕೊಡವ್ವ. ಮೇಷ್ಟ್ರು ಎಲ್ರ ಮುಂದೆ ಬಯ್ತಾರೆ."

ಬಾಯಿಗೆ ಬಂದಂತೆ ಬೈಯಲು ಹೊರಟ ನನ್ನನ್ನು ದೊಡ್ಡವ್ವ ಕೈ ಅಡ್ಡ ಹಿಡಿದು ತಡೆದಳು. ಕೈಯಲ್ಲಿದ್ದ ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು.

"ಓಗ್ಲಾ, ಮೈಕ್ ತತ್ತಾ," ಅಂದಳು. "ಆವತ್ತು ಎಲ್ಲಿ ಕಿತ್ಕೊಂಡ್ಯೋ, ಅಲ್ಲಿಂದ ಏಳ್ಕೊಡ್ತೀನಿ."