ಭಾವನ ಹೆಸರಿನ ಎಡೆ

ಆ ಎಲೆಯನ್ನು ಅಕ್ಕ ಏನು ಮಾಡಿದಳು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ದನದ ಮುಂದೆ ಹಾಕಿದಳು ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಅವ್ವ ಅಲ್ಲಿ ಇರಲೇ ಇಲ್ಲ. ನಾನು ಇದ್ದೆ, ನನಗೆ ನೆನಪಿರುವುದು ಬೇರೆ. ಆದರೆ ನೆನಪು ತೀರ ಒಪ್ಪವಾಗಿ ಕಂಡಾಗಲೆಲ್ಲ ನನಗೆ ಗುಮಾನಿ. ಹಾಗಾಗಿ ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ಭಾವ ಮಿಲಿಟರಿಯಲ್ಲಿ ಲಾರಿ ಡ್ರೈವರ್. ಅದಕ್ಕೆ ಮೊದಲು ಹೊನ್ನಾಳಿಗೂ ಶಿವಮೊಗ್ಗಕ್ಕೂ ನಡುವೆ ಇದ್ದಿಲ ಗ್ಯಾಸಿನ ಬಸ್ಸು ಓಡಿಸುತ್ತಿದ್ದ. ಹೊರಡುವ ಮುಂಚೆ ಬಸ್ಸಿನ ಹಿಂದಿನ ಒಲೆಯನ್ನು ಊದಿ ಊದಿ ಅವನ ಹುಬ್ಬು ಯಾವಾಗಲೂ ಸ್ವಲ್ಪ ಸುಟ್ಟೇ ಇರುತ್ತಿತ್ತು. ಅವನು ಸೈನ್ಯ ಸೇರಿದ ಮೇಲೆ ಅಕ್ಕ ಹೊನ್ನಾಳಿಯ ನಮ್ಮ ಮನೆಗೆ ಬಂದಳು. ಅವಳ ಅತ್ತೆ ಮಾವ ಇದ್ದದ್ದು ನ್ಯಾಮತಿಯಲ್ಲಿ. ನಾನು ಚನ್ನಗಿರಿಯಲ್ಲಿ ಮೇಷ್ಟ್ರಾಗಿದ್ದೆ, ರಜೆ ಸಿಕ್ಕಾಗ ಊರಿಗೆ ಬರುತ್ತಿದ್ದೆ.

ಭಾವನ ಕಾಗದಗಳು ತಪ್ಪದೆ ಬರುತ್ತಿದ್ದವು. ಅರ್ಧ ಸಾಲುಗಳ ಮೇಲೆ ಸೆನ್ಸಾರಿನವರ ಮಸಿ. ನಲವತ್ತೈದರ ಮುಂಗಾರು ಹಿಡಿದ ಮೇಲೆ ಅವು ನಿಂತುಹೋದವು. ಅಷ್ಟರಲ್ಲಿ ಜಪಾನಿನವರು ಶರಣಾದರು, ಯುದ್ಧ ಮುಗಿಯಿತು ಎಂದು ಶಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದೆವು. ಸುತ್ತಲಿನ ಊರುಗಳ ಸಿಪಾಯಿಗಳಿಂದ ಒಂದೊಂದಾಗಿ ಕಾಗದ ಬಂದವು. ನಮಗೆ ಬರಲಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಭಾವನ ಚಿಕ್ಕಪ್ಪ ನ್ಯಾಮತಿಯಿಂದ ಬಂದರು. ನಾನು ಜಗಲಿಯ ಮೇಲಿದ್ದೆ. ಅವರು ಅಕ್ಕ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಕೊಟ್ಟಿಗೆಯ ಕಡೆ ನೋಡುತ್ತ ಮಾತು ತೆಗೆದರು.

"ಏನಿಲ್ಲ ಕಣವ್ವ. ಅವನ ಅಂಗಿ ಪಂಚೆ ಒಂದು ಜೊತೆ ನಿನ್ನ ಟ್ರಂಕಿನಾಗೆ ಐತಂತಲ್ಲ. ಹಬ್ಬಕ್ಕೆ ಬೇಕಾಗೈತೆ."

"ಯಾವ ಹಬ್ಬಕ್ಕೆ ಚಿಕ್ಕಮಾವ?"

"ಹಿರೇರ ಹಬ್ಬಕ್ಕೆ."

ಆ ಅಮಾವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ತೀರಿಕೊಂಡವರಿಗೆಲ್ಲ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಪಕ್ಕದಲ್ಲಿ ಬಟ್ಟೆ ಇಟ್ಟು ಕರೆಯುತ್ತಾರೆ. ಅದೇ ಎಡೆ. ಒಮ್ಮೆ ಎಲೆ ಹಾಕಿದರೆ ಆಯಿತು, ಅವನು ಹಿರಿಯರ ಸಾಲಿಗೆ ಸೇರಿದ; ವರ್ಷ ವರ್ಷವೂ ಹಾಕಬೇಕು. ಹೆಂಡತಿಯ ಕೈಬಳೆ ಒಡೆಯುವುದು ಅದರ ಮಾರನೆಯ ದಿನದ ಮಾತು.

ನ್ಯಾಮತಿಯವರು ಕೆಟ್ಟವರಲ್ಲ. ಭಾವನ ತಮ್ಮನಿಗೆ ಮದುವೆ ಗೊತ್ತಾಗಿತ್ತು. ಸತ್ತವನನ್ನು ಕರೆಯದೆ ಬಿಟ್ಟು ಚಪ್ಪರ ಹಾಕಲು ಅವರಿಗೆ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ ಅತ್ತೆಯದು ಒಂದೇ ಮಾತಂತೆ: "ಹೋಗಿದ್ರೆ ಹಸ್ಕಂಡಿರ್ತಾನಲ್ಲ."

ಅಕ್ಕ ಲೋಟ ಎತ್ತಿಕೊಂಡಳು. "ಅಂಗಿ ಕೊಡಲ್ಲ. ಅದನ್ನ ಹಾಕ್ಕೊಳ್ಳೋರು ಬರ್ತಾರೆ."

"ಕಾಗದ ಬಂತೇನವ್ವ?"

"ಇಲ್ಲ. ಸತ್ತರು ಅಂತಲೂ ಬಂದಿಲ್ಲ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಲೇ ತಮ್ಮ, ಸೊಕ್ಕೆಗೆ ಹೆಂಗೆ ಹೋಗೋದು?"

ಸೊಕ್ಕೆಯಲ್ಲಿ ಒಬ್ಬನಿದ್ದ, ಭಾವನ ಜೊತೆ ಭರ್ತಿಯಾಗಿ, ಬರ್ಮಾದ ಕರಾವಳಿಯಲ್ಲಿ ಹಡಗಿನಿಂದ ದಂಡು ಇಳಿದಾಗ ಮೊಣಕಾಲಿಗೆ ಪೆಟ್ಟು ತಿಂದು ವಾಪಸ್ಸಾದವನು. ದಾವಣಗೆರೆಗೆ ಒಂದು ಬಸ್ಸು, ಜಗಳೂರಿಗೆ ಇನ್ನೊಂದು, ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ನಾನು ಬೇಡವೆನ್ನುತ್ತಲೇ ಇದ್ದೆ. ಅಕ್ಕ ಬುತ್ತಿ ಬಿಚ್ಚಿ ನನ್ನ ಕೈಗೆ ರೊಟ್ಟಿ ಕೊಟ್ಟು ಬಾಯಿ ಮುಚ್ಚಿಸಿದಳು.

ಅವನು ಸಜ್ಜೆ ಹೊಲದಲ್ಲಿ ಅಟ್ಟಣೆಯ ಮೇಲೆ ಕೂತು ಕವಣೆ ಬೀಸುತ್ತ ಹಕ್ಕಿ ಕಾಯುತ್ತಿದ್ದ. ಕಾಲು ಮಡಚಲು ಬರುತ್ತಿರಲಿಲ್ಲ. ಕೆಳಗಿಳಿಯದೆಯೇ ಮಾತಾಡಿದ, ಅಕ್ಕ ತಲೆ ಎತ್ತಿ ನಿಂತು ಕೇಳಿದಳು.

"ಹಡಗಿನಿಂದ ದಂಡೆಗೆ ದಂಡು ಇಳಿಸೋದು ಅಂದ್ರೆ ಹುಡುಗಾಟ ಅಲ್ಲ ಅಕ್ಕಾರೆ. ತಿಂಗಳುಗಟ್ಲೆ ತಯಾರಿ. ಹಗ್ಗದ ಬಲೆ ಹಿಡ್ಕಂಡು ಹಡಗಿನಿಂದ ದೋಣಿಗೆ ಇಳಿಯಾಕೆ ಕಲಿಸ್ತಾರೆ. ದೋಣಿ ಮುಂದ್ಲ ಗ್ವಾಡೆ ದಬಕ್ ಅಂತ ಬೀಳ್ತೈತೆ, ಲಾರಿ ಸೀದಾ ನೀರಿಗೆ. ಇಂಜಿನ್ನಿಗೆ ನೀರು ಹೋಗಬಾರ್ದು ಅಂತ ಜಿಡ್ಡು ಮೆತ್ತಿ ಮೆತ್ತಿ ನಮ್ಮ ಕೈಯಾಗೆ ಅನ್ನ ನಿಲ್ತಿರ್ಲಿಲ್ಲ."

"ಎಲ್ಲಿಗೆ ಅಂತ ಹೇಳ್ತಾರಾ?"

"ನಡು ಸಮುದ್ರಕ್ಕೆ ಹೋದ್ಮೇಲೆ ನಕಾಶೆ ಬಿಚ್ತಾರೆ. ಅಲ್ಲೀವರ್ಗೂ ಯಾರಿಗೂ ಗೊತ್ತಿರಲ್ಲ."

"ಕಾಗದ?"

"ಮೊದ್ಲು ನಿಲ್ಲೋದೇ ಅದು! ನಾವು ಬರೆದ್ರೂ ಚೀಲದಾಗೆ ಕಟ್ಟಿ ಇಟ್ಕಂತಾರೆ. ನಮ್ಮವ್ವ ನಾನು ಸತ್ತೆ ಅಂತ ಊರೆಲ್ಲ ಕೇಳಂಗೆ ಅತ್ತಾಳೆ. ಆಮೇಲೆ ಕಾಗದ ಎಲ್ಲಾ ಒಂದೇ ಸಾರಿ ಬಂದ್ವು. ಓದಿ ಹೇಳಾಕೆ ಮೇಷ್ಟ್ರು ಸಿಗದೆ ಮತ್ತೆ ಅತ್ಲು." ನಕ್ಕ. ಆಮೇಲೆ ನಗು ನಿಲ್ಲಿಸಿದ. "ಆದ್ರೆ ಬದುಕವ್ನೆ ಅಂತ ನಾನು ಹೇಳ್ತಿಲ್ಲ ನೋಡ್ರಿ. ಇಳಿಯೋ ಹೊತ್ನಾಗೇ ಬಾಳ ಜನ ಹೋಗ್ತಾರೆ."

"ಅದು ಗೊತ್ತಾತು. ಕಾಗದ ಇಲ್ಲ ಅಂದ್ರೆ ಮನುಷ್ಯ ಇಲ್ಲ ಅಂತಲ್ಲ. ಅಷ್ಟು ಸಾಕು ನನಗೆ."

ವಾಪಸ್ಸಿನ ಬಸ್ಸಿನಲ್ಲಿ ನಾನು ಯೋಚಿಸಿದ್ದರಲ್ಲಿ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು: ಎಲ್ಲಿಯೋ ಒಂದು ಕೋಣೆಯಲ್ಲಿ ನಕಾಶೆಯ ಸುತ್ತ ಕೂತವರು ಅಲೆ, ಮರಳು, ಬೆಳದಿಂಗಳು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಟಪಾಲು ನಿಲ್ಲಿಸುವುದನ್ನೂ ಮರೆಯಲಿಲ್ಲ. ಆ ಮೌನಕ್ಕೆ ನ್ಯಾಮತಿಯಲ್ಲಿ ಬಾಳೆ ಎಲೆ ಕೊಯ್ಯುತ್ತಾರೆ ಎಂಬುದು ಮಾತ್ರ ಅವರ ಲೆಕ್ಕದಲ್ಲಿರಲಿಲ್ಲ.

ಅಮಾವಾಸ್ಯೆಯ ದಿನ ಅಕ್ಕ ಎರಡು ಕೈಗೂ ಹಸಿರು ಬಳೆ ತುಂಬಿಸಿಕೊಂಡು ಹೊರಟಳು. ನಾನೂ ಹೋದೆ. ನ್ಯಾಮತಿಯ ಮನೆಯ ನಡುಮನೆಯಲ್ಲಿ ಗೋಡೆಗೆ ಕಲಶ, ಅದರ ಮುಂದೆ ಎಲೆಗಳ ಸಾಲು. ಅಜ್ಜನ ಎಲೆಯ ಪಕ್ಕದಲ್ಲಿ ಎಲೆಅಡಿಕೆ, ಅಜ್ಜಿಯದರ ಪಕ್ಕದಲ್ಲಿ ಸೀರೆ. ಕೊನೆಯ ಎಲೆಗೆ ಕಡುಬು, ಪಾಯಸ. ಬಟ್ಟೆ ಸಿಗದ್ದಕ್ಕೆ ಹೊಸ ಟವೆಲ್ಲು. ಅದರ ಮೇಲೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಮಾವ ಲೋಬಾನ ಹಾಕಲು ಕೆಂಡ ತರಿಸುತ್ತಿದ್ದರು.

"ಮಾವ, ಇದು ಯಾರ ಎಲೆ?"

"ಗೊತ್ತಿದ್ದೂ ಕೇಳ್ತೀಯಲ್ಲವ್ವ."

"ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಯಾವ ದಿನ ಸತ್ತರು ಹೇಳ್ರಿ."

"ದಿನ ಗೊತ್ತಿಲ್ಲದೋರಿಗೇ ಈ ಅಮಾಸೆ ಇರೋದು," ಎಂದರು ಮಾವ. ಮಾತು ಸರಿಯಾಗಿಯೇ ಇತ್ತು.

ಇಲ್ಲಿಂದ ಮುಂದಿನದಕ್ಕೆ ನನ್ನ ಕಣ್ಣೊಂದೇ ಆಧಾರ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. "ಹಸಿದಿರ್ತಾರೆ ಅಂದ್ರಲ್ಲ ಅತ್ತೆ. ಅವರ ಪಾಲಿಂದು ನಾನು ಉಣ್ತೀನಿ," ಎಂದಳು. ಹಿರಿಯರಿಗೆ ಎಡೆ ತೋರಿಸುವ ಮುಂಚೆ ಆ ಮನೆಯಲ್ಲಿ ಕೂಸಿಗೂ ಒಂದು ತುತ್ತು ಕೊಡುತ್ತಿರಲಿಲ್ಲ. ಅಕ್ಕ ಉಂಡಳು. ಕಡುಬು ಮುರಿದು, ತುಪ್ಪಕ್ಕೆ ಅದ್ದಿ, ಆತುರವಿಲ್ಲದೆ, ಮದುವೆ ಊಟ ಮಾಡಿದಂತೆ. ಎಲೆ ಮಡಚಿದಳು. ಬೀಡಿ ಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. ಮಾವ ತಡೆಯಲಿಲ್ಲ. ಉಳಿದ ಎಲೆಗಳಿಗೆ ಲೋಬಾನ ಹಾಕಿದರು.

ನಡುವೆ ಅತ್ತೆ ಬಂದು "ಇನ್ನೊಂದು ಕಡುಬು ಹಾಕ್ಲೇನೇ?" ಎಂದರೆಂದೂ ನನಗೆ ನೆನಪಿದೆ. ಇದನ್ನು ನಾನು ನಂಬುವುದಿಲ್ಲ. ತೆಗೆದುಹಾಕಲೂ ಮನಸ್ಸಿಲ್ಲ.

ದೀಪಾವಳಿ ಕಳೆದ ಮೇಲೆ ಕಾಗದಗಳು ಒಟ್ಟಿಗೆ ಬಂದವು. ಮುಂದಿನ ಬೇಸಿಗೆಯಲ್ಲಿ ಭಾವನೇ ಬಂದ. ಯುದ್ಧ ಮುಗಿದಿದ್ದರೂ ಹಡಗು ತುಂಬಿದ್ದರಿಂದ ಮಲಯದ ದಂಡೆಗೆ ಅವರನ್ನು ಇಳಿಸಿಯೇ ಬಿಟ್ಟಿದ್ದರು.

"ಒಂದು ಗುಂಡೂ ಹಾರ್ಲಿಲ್ಲ ಮೇಷ್ಟ್ರೆ. ದಂಡೆ ಗಟ್ಟಿ ಐತೆ ಅಂತ ತಿಳ್ಕಂಡಿದ್ರು. ಲಾರಿಗಳು ಗಾಲಿ ಮುಳುಗೋವರ್ಗೂ ಕೆಸರಿನಾಗೆ ಕೂತ್ವು. ನಂದೂನೂ."

"ಜಪಾನಿನವರು ಶರಣಾಗದೆ ಇದ್ದಿದ್ದರೆ?"

ಭಾವನಿಗೆ ಎಲೆಯ ಕತೆಯನ್ನು ಅಕ್ಕ ಆಗಲೇ ಹೇಳಿದ್ದಳು. "ಆ ಎಲೆ ಸರಿಯಾಗೇ ಬಿದ್ದಿರ್ತಿತ್ತು," ಎಂದ. ಅಕ್ಕ ಒಳಗಿನಿಂದ ಟವೆಲ್ಲು ತಂದು ಬಿಚ್ಚಿದಳು. ಅವನ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು.

"ಅಯ್ಯೋ, ನಾನು ಬೀಡಿ ಸೇದೋದು ಅಪ್ಪಗೆ ಗೊತ್ತಿತ್ತಾ?"

ಅಕ್ಕನಿಗೂ ವಯಸ್ಸಾದ ಮೇಲೆ ಒಮ್ಮೆ ನೇರವಾಗಿ ಕೇಳಿದೆ: ಉಂಡೆಯೋ, ದನಕ್ಕೆ ಹಾಕಿದೆಯೋ? ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಿನಗೆ ಹೆಂಗೆ ಬೇಕೋ ಹಂಗೆ ಬರಕೋ. ಆ ಸಾಲಿನಾಗೆ ಅವರ ಎಲೆ ಉಳೀಲಿಲ್ಲ. ಅದೊಂದು ಮಾತ್ರ ತಪ್ಪಿಸಬೇಡ."