ಸುಣ್ಣದ ಡಬ್ಬಿ ಮತ್ತು ತಾಮ್ರದ ಸುರುಳಿ

ಅವ್ವನ ಕಿವಿ ಪೂರ್ತಿ ಹೋದಮೇಲೆ ನನ್ನ ನೆಮ್ಮದಿಯೂ ಹೋಯಿತು. ಊಟಿಯ ಹೊರಗೆ ನಮ್ಮದೊಂದು ಕ್ಯಾರೆಟ್ ಹೊಲ. ಮೈಸೂರು ಕಡೆಯಿಂದ ಬಂದ ಅಜ್ಜ ಹದ ಮಾಡಿದ್ದು. ಹೊಲದ ಮೇಲ್ಗಡೆಯೇ ಕಾಡು. ಮಂಜು ಕವಿದ ಬೆಳಗ್ಗೆ ಕಾಟಿ, ಅದೇ ಕಾಡುಕೋಣ, ಇಳಿದು ಬಂದರೆ ಹೊಲದವರು ಒಬ್ಬರಿಗೊಬ್ಬರು ಕೂಗಿ ಎಚ್ಚರಿಸುತ್ತಾರೆ. ಅವ್ವನಿಗೆ ಕೂಗಿ ಏನು ಪ್ರಯೋಜನ? ಹೋಗಬೇಡ ಎಂದರೆ ನನ್ನ ಮೇಲೇ ಎಗರುತ್ತಾಳೆ.

ಸರ್ಕ್ಯೂಟ್ ಬೋರ್ಡುಗಳ ವಿನ್ಯಾಸ ನನ್ನ ಕಸುಬು. ಮನೆಯಲ್ಲೇ ಕೂತು ಕೊಯಮತ್ತೂರಿನ ಒಂದು ಕಂಪನಿಗೆ ಮಾಡಿಕೊಡುತ್ತೇನೆ. ಅವ್ವನಿಗೂ ಒಂದು ಪುಟ್ಟ ಸಾಧನ ಮಾಡಿದೆ. ಪಕ್ಕದ ಹೊಲದ ಅಕ್ಕ ಕಾಟಿ ಕಂಡ ಕೂಡಲೇ ತಮ್ಮ ಬಳಿಯ ಗುಂಡಿ ಒತ್ತಿದರೆ ಅವ್ವನ ಬಳಿಯಿರುವುದು ಗುರ್ ಎಂದು ನಡುಗಬೇಕು. ಮೊದಲನೆಯದನ್ನು ನೋಡಿ ಅವ್ವ, "ಇದೇನ್ ಇಟ್ಟಿಗೇನಾ? ನಾ ಹೊರಲ್ಲ" ಅಂದಳು. ದಪ್ಪಕ್ಕೆ ಕಾರಣ ಒಳಗಿನ ಇಂಡಕ್ಟರ್, ಪುಟ್ಟ ಬ್ಯಾಟರಿಯ ವೋಲ್ಟೇಜನ್ನು ಏರಿಸಿಕೊಡುವ ತಂತಿಯ ಸುರುಳಿ. ತಂತಿಯನ್ನೇ ಕೈಬಿಟ್ಟೆ. ಬೋರ್ಡಿನ ಪದರಪದರದಲ್ಲೂ ತಾಮ್ರದ ಗೆರೆಯನ್ನು ಚಕ್ಕುಲಿಯಂತೆ ಸುತ್ತಿಸಿ ಒಂದಕ್ಕೊಂದು ಜೋಡಿಸಿದೆ. ದಪ್ಪವಾಗುತ್ತದೆಂದು ಮೇಲೆ ಕವಚವನ್ನೂ ಹಾಕಲಿಲ್ಲ. ಮೇಜಿನ ಮೇಲೆ ಎಷ್ಟು ಸಲ ಒತ್ತಿದರೂ ಗುರ್ ಅಂದಿತು. ಆದರೂ ಮೊದಲ ದಿನ ಅವ್ವ ಅದನ್ನು ತೆಗೆದುಕೊಂಡು ಹೊರಟಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದೆಯೇ ಹೋದೆ.

ಹೊಲ ಮುಟ್ಟುವಷ್ಟರಲ್ಲಿ ಪಕ್ಕದ ಹೊಲದ ಅಕ್ಕ ಕೂಗುತ್ತಿದ್ದರು: "ಒತ್ತುತ್ತಾನೇ ಇದೀನಿ ಕಣಮ್ಮಾ! ನಿಮ್ಮವ್ವ ತಿರುಗ್ತಾನೇ ಇಲ್ಲ!"

ಮಂಜಿನಲ್ಲಿ ಬಗ್ಗಿ ಕ್ಯಾರೆಟ್ ಕೀಳುತ್ತಿದ್ದ ಅವ್ವನ ಬೆನ್ನು ಕಂಡಿತು. ಎರಡೇ ಪಾತಿಯಾಚೆ ಕಾಟಿ. "ಅವ್ವಾ" ಎಂದು ಕಿರುಚಿದೆ, ಕೇಳುವುದಿಲ್ಲವೆಂದು ಗೊತ್ತಿದ್ದೂ. ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅವಳ ಪಕ್ಕಕ್ಕೆ ಬೀಳುವಂತೆ ಎಸೆದೆ. ಅವ್ವ ತಿರುಗಿ ನನ್ನ ಮುಖ ನೋಡಿದಳು, ಅಷ್ಟೇ ಸಾಕಾಯಿತು. ಬುಟ್ಟಿ ಬಿಟ್ಟು ಮೆಲ್ಲಗೆ ನನ್ನತ್ತ ಸರಿದು ಬಂದಳು. ಕಾಟಿ ಒಂದಿಷ್ಟು ಸೊಪ್ಪು ಮೇದು ತನ್ನ ಪಾಡಿಗೆ ಹೋಯಿತು.

ಮನೆಗೆ ಬಂದಮೇಲೆ ಸಾಧನ ಎಲ್ಲಿ ಎಂದೆ. ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡು ಅವ್ವ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದಳು. ಅದು ಅಲ್ಯೂಮಿನಿಯಂ ಸುಣ್ಣದ ಡಬ್ಬಿಗೆ ಒತ್ತಿಕೊಂಡು ಕೂತಿತ್ತು.

"ಕೈಯೆಲ್ಲ ಕೆಸರು. ಸಂಚೀಲಿ ಭದ್ರವಾಗಿರ್ಲಿ ಅಂತ ಇಟ್ಟೆ."

ಕವಚವಿಲ್ಲದ ಸುರುಳಿಗೆ ಲೋಹ ಅಷ್ಟು ಹತ್ತಿರ ಬಂದರೆ ಅದರ ಬಲ ಅಲ್ಲೇ ಉಡುಗಿ ಸಾಧನ ನಡುಗುವುದೇ ಇಲ್ಲ. ಎಲ್ಲವನ್ನೂ ಯೋಚಿಸಿದ್ದ ನನಗೆ ಈ ಸಂಚಿ ಹೊಳೆದಿರಲಿಲ್ಲ.

"ಡಬ್ಬಿ ಮನೇಲಿ ಬಿಟ್ಟು ಹೋಗವ್ವ."

"ಸುಣ್ಣ ಇಲ್ದೆ ಎಲೆ ಹಾಕ್ಲಾ? ನಿನ್ ಮಿಷಿನ್ನೇ ಬಿಟ್ಟು ಹೋಗ್ತೀನಿ."

ನಾನೇ ಸೋತೆ. ಸುರುಳಿಗೆ ಅದರ ಕಾಂತಬಲವನ್ನು ಒಳಗೇ ಹಿಡಿದಿಡುವ ತೆಳ್ಳನೆಯ ಫೆರೈಟ್ ಹಾಳೆಯ ಕವಚ ಕೊಟ್ಟು, ಸುತ್ತುಗಳನ್ನು ಮತ್ತೆ ಲೆಕ್ಕ ಹಾಕಿ ಹೊಸ ಬೋರ್ಡು ತರಿಸಿದೆ; ನನಗೂ ಒಂದು ಗುಂಡಿ ಮಾಡಿಕೊಂಡೆ. ಅದು ಬರುವವರೆಗೆ ದಿನವೂ ಅವ್ವನ ಬೆನ್ನ ಹಿಂದೆ ನಿಂತು ಕಾಡನ್ನೇ ನೋಡುತ್ತಿದ್ದೆ. ಬಂದ ಮರುದಿನ ಬೆಳಗ್ಗೆ ಅದನ್ನು ಡಬ್ಬಿಯ ಪಕ್ಕದಲ್ಲೇ ಸಂಚಿಗೆ ಹಾಕಿ ಕಳಿಸಿ, ಬದುವಿನ ಮೇಲೆ ನಿಂತು ನನ್ನ ಗುಂಡಿ ಒತ್ತಿದೆ. ಅವ್ವ ತಟ್ಟನೆ ತಿರುಗಿದಳು. ನಾನು ಕರೆದಾಗ ಅವಳು ತಿರುಗಿ ಎಷ್ಟು ಕಾಲವಾಗಿತ್ತೋ! ಕಣ್ಣು ತುಂಬಿತು. ಆಸೆ ತಡೆಯದೆ ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ.

ಅವ್ವ ಸರಸರನೆ ಬಂದು ನನ್ನ ಕೈ ಹಿಡಿದಳು. "ಸುಮ್ಸುಮ್ನೆ ಒತ್ಬೇಡ ಕಣೆ. ಆಮೇಲೆ ಕಾಟಿ ಬಂದ್ರೂ ನೀನೇ ಅಂದ್ಕೊಂಡ್ಬಿಡ್ತೀನಿ."

ಗುಂಡಿ ಈಗಲೂ ನನ್ನ ಸ್ವೆಟರ್ ಜೇಬಿನಲ್ಲಿದೆ. ಅವ್ವನನ್ನು ಕರೆಯಬೇಕೆನಿಸಿದರೆ ಹೊಲದವರೆಗೂ ನಡೆದುಹೋಗಿ ಅವಳ ಹೆಗಲು ಮುಟ್ಟುತ್ತೇನೆ.