ಬಿರುಕಿಗೆ ಸುಣ್ಣ ಬಳಿದ ಬಗ್ಗೆ

ಮಾನ್ಯ ಓದುಗರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಂದು ಬೆಳಿಗ್ಗೆ ವಿನೋಬನಗರದ ನಮ್ಮ ಎದುರುಮನೆಯವರು ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದರು. ಆ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂದೊಡನೆ ನನಗೆ ಭದ್ರಾವತಿಯ ಖಾಲಾ, ಅಂದರೆ ನನ್ನ ತಾಯಿಯ ತಂಗಿ, ನೆನಪಾದರು. ಹೀಗೆ ಆರಂಭಿಸಿದ್ದಕ್ಕೆ ಕ್ಷಮೆಯಿರಲಿ. ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಕಚೇರಿಯಲ್ಲಿ ಪತ್ರ ಬರೆಯುವುದು ನನ್ನ ಉದ್ಯೋಗ. ಪತ್ರವಲ್ಲದ್ದನ್ನು ಬರೆಯುತ್ತಿರುವುದು ಇದೇ ಮೊದಲು. ವಿನಯದ ಎರಡು ಸಾಲು ಮುಂದೆ ನಡೆಯದಿದ್ದರೆ ನನ್ನ ಕೈ ಹಿಂದೆಯೇ ಉಳಿದುಬಿಡುತ್ತದೆ.

ಓಲ್ಡ್ ಟೌನಿನಲ್ಲಿರುವ ಖಾಲಾ ಅವರ ಮನೆ ಎರಡು ಕೋಣೆಯದು. ಅವರ ಯಜಮಾನರು ಲಾರಿ ಓಡಿಸಿ ಕಟ್ಟಿಸಿದ್ದು. ಯಜಮಾನರು ತೀರಿಕೊಂಡ ಮೇಲೂ ಪ್ರತಿ ವರ್ಷ ರಂಜಾನಿಗೆ ಮುಂಚೆ ಖಾಲಾ ತಾವೇ ಏಣಿ ಹತ್ತಿ, ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆಗಳಿಗೆ ಬಳಿಯುತ್ತಿದ್ದರು. ನೀಲಿ ಎಷ್ಟು ಹಾಕಬೇಕೆಂದು ಕೇಳಲು ಬೀದಿಯವರೆಲ್ಲ ಅವರ ಬಳಿಗೇ ಬರುತ್ತಿದ್ದರು. ಖಾಲಾ ಯಾರಿಗೂ ಸರಿಯಾದ ಅಳತೆ ಹೇಳಿದ್ದನ್ನು ನಾನು ಕೇಳಿಲ್ಲ.

ಎರಡು ವರ್ಷಗಳ ಹಿಂದೆ ಪಕ್ಕದ ಹಳೆಯ ಗೋದಾಮನ್ನು ಕೆಡವಿ, ಮಳಿಗೆಗಳ ಕಟ್ಟಡಕ್ಕಾಗಿ ನೆಲ ತೋಡಲಾರಂಭಿಸಿದರು. ಯಂತ್ರ ಸದ್ದು ಮಾಡಿದಾಗಲೆಲ್ಲ ಖಾಲಾ ಅವರ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ಮೊದಲು ಬಾಗಿಲು ಬಿಗಿಯಾಯಿತು. ಆಮೇಲೆ ಕಿಟಕಿಯ ಮೂಲೆಯಿಂದ ಮಾಡಿನವರೆಗೆ ಬಿರುಕೊಂದು ಏರಿತು. ಅದರೊಳಗೆ ನನ್ನ ಕಿರುಬೆರಳು ಹೋಗುತ್ತಿತ್ತು. ನೋಡಲು ಬಂದ ಗಾರೆಯವರು, ಈ ಗೋಡೆ ಬಿಚ್ಚಿ ಕಟ್ಟದಿದ್ದರೆ ಮಾಡು ಕೂರುತ್ತದೆ, ಅಲ್ಲಿಯವರೆಗೆ ಆ ಕೋಣೆಯಲ್ಲಿ ಮಲಗಬೇಡಿ ಎಂದರು. ಗೋಡೆ ಕಟ್ಟಿಸುವ ಶಕ್ತಿ ಖಾಲಾ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಕಟ್ಟಡದ ಕಂಟ್ರಾಕ್ಟರ್ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದರು: "ಹಳೇ ಮನೆ ಅಮ್ಮಾ. ಬಿರುಕು ಮೊದ್ಲಿಂದ್ಲೂ ಇತ್ತು. ನಮ್ಮ ತಲೆಗೆ ಕಟ್ಟಬೇಡಿ."

ಪರಿಹಾರ ಕೋರಿ ಸಂಬಂಧಪಟ್ಟ ಕಚೇರಿಗೆ ನಾನು ಅರ್ಜಿ ಬರೆದೆ. ಮೂರು ಪುಟ. ಅಷ್ಟು ಸೊಗಸಾದ ಅರ್ಜಿಯನ್ನು ನಾನು ಹಿಂದೆಂದೂ ಬರೆದಿರಲಿಲ್ಲವೆಂಬ ಹೆಮ್ಮೆಯೂ ಇತ್ತು. ಲಗತ್ತಿಸಲು ಫೋಟೋ ತೆಗೆಯಹೋದರೆ ಖಾಲಾ ಪ್ರತಿ ಸಲವೂ ಸೆರಗು ಸರಿಪಡಿಸಿಕೊಂಡು ಬಿರುಕಿನ ಮುಂದೆಯೇ ನಿಂತರು. ಮನೆಮಾತಿನಲ್ಲಿ ಅವರು ಅಂದದ್ದು ಇಷ್ಟು: "ಖಾಲಿ ಗೋಡೆ ಫೋಟೋ ಯಾರಾದ್ರೂ ತೆಗೀತಾರಾ ಬೇಟಾ?" ಹಿರಿಯರನ್ನು ಪಕ್ಕಕ್ಕೆ ಸರಿಯಿರಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ನಾಲ್ಕೂ ಫೋಟೋಗಳಲ್ಲಿ ಬಿರುಕಿನ ತುದಿಯಷ್ಟೇ ಅವರ ತಲೆಯಿಂದ ಚಿಗುರಿದಂತೆ ಕಾಣುತ್ತಿತ್ತು.

ಗುರುವಾರ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬರುವರೆಂದು ಕಚೇರಿಯಿಂದ ಕರೆ ಬಂತು. ಖಾಲಾ ಅವರಿಗೆ ತಿಳಿಸಿ, ರಜೆ ಹಾಕಿ, ಆ ದಿನ ಬಸ್ಸಿನಲ್ಲಿ ಹೋದೆ. ಬಾಗಿಲಲ್ಲೇ ಸುಣ್ಣದ ವಾಸನೆ. ಒಳಗೆ ಗೋಡೆ ತಿಳಿನೀಲಿಯಾಗಿ ಬೆಳಗುತ್ತಿತ್ತು. ಹಿಂದಿನ ದಿನವೇ ಬಿರುಕಿಗೆ ಸಿಮೆಂಟು ತುಂಬಿ, ಮೇಲೆ ಎರಡು ಬಾರಿ ಬಳಿದಿದ್ದರು. ಮೊಣಕೈವರೆಗೆ ಸುಣ್ಣದ ಕಲೆ ಇನ್ನೂ ಉಳಿದಿದ್ದ ಖಾಲಾ ಚಹಾಕ್ಕೆ ಏಲಕ್ಕಿ ಜಜ್ಜುತ್ತಿದ್ದರು.

"ಅದನ್ನ ನೋಡೋಕೇ ಬರ್ತಿರೋದು ಖಾಲಾ," ಎಂದೆ.

"ಬರೋರು ಬರಲಿ. ಒಡೆದ ಗೋಡೆ ಎದುರು ಕೂರ್ಸಿ ಚಹಾ ಕೊಡ್ಲಾ?"

ಎಂಜಿನಿಯರ್ ಬಂದರು, ಕುಳಿತರು, ಚಹಾ ಕುಡಿದರು. ಗೋಡೆಯನ್ನು ಮುಟ್ಟಿ ಬೆರಳು ನೋಡಿಕೊಂಡರು. ಅವರ ಹಿಂದೆಯೇ ಬಂದು ಬಾಗಿಲಿಗೆ ಒರಗಿದ್ದ ಕಂಟ್ರಾಕ್ಟರ್, "ಗೋಡೆ ನಮ್ಮನೇದಕ್ಕಿಂತ ಚೆನ್ನಾಗಿದೆ ಸಾರ್," ಎಂದು ನಕ್ಕರು. ನಾನು ಫೋಟೋಗಳನ್ನು ಮುಂದೆ ಹಿಡಿದೆ. ಎಂಜಿನಿಯರ್ ಸಂಕೋಚದಿಂದಲೇ, "ಇದ್ರಲ್ಲಿ ಅಮ್ಮ ಕಾಣ್ತಾರೆ, ಗೋಡೆ ಕಾಣಲ್ಲ. ಕಂಡಿದ್ದನ್ನ ತಾನೇ ನಾನು ಬರೀಬೇಕು?" ಎಂದರು.

ಆಗ ನಾನು ಹೊರಗಿನವರೆದುರು ಖಾಲಾ ಅವರಿಗೆ, "ಎಲ್ಲಾ ನೀವೇ ಹಾಳು ಮಾಡಿದ್ರಿ," ಎಂದುಬಿಟ್ಟೆ. ಆ ಮಾತನ್ನು ಯಾವ ವಿನಯದ ಒಕ್ಕಣೆಯಿಂದಲೂ ಮುಚ್ಚಲು ನನಗಿನ್ನೂ ಸಾಧ್ಯವಾಗಿಲ್ಲ.

ಖಾಲಾ ಅಡುಗೆಮನೆಗೆ ಹೋದರು. ಒಳಗಿನಿಂದ ದೋಸೆ ಸಟ್ಟುಗ ತಂದು, ಹಿಂದಿನ ದಿನ ತಾವೇ ಬಳಿದ ಗೋಡೆಯನ್ನು ಕೆರೆಯತೊಡಗಿದರು. ಸುಣ್ಣ ಚಕ್ಕೆಚಕ್ಕೆಯಾಗಿ ಬಿತ್ತು, ಹಿಂದೆಯೇ ಇನ್ನೂ ಗಟ್ಟಿಯಾಗದ ಸಿಮೆಂಟೂ ಉದುರಿತು. ಬೆನ್ನು ನಮ್ಮ ಕಡೆಗೇ ಇತ್ತು. "ಮೊದ್ಲಿಂದ್ಲೂ ಮುರುಕು ಮನೆಯಂತೆ," ಎಂದು ಗೋಡೆಗೇ ಹೇಳಿದಂತೆ ಹೇಳಿದರು. "ಮುರುಕು ಮನೆಯೋರು ವರ್ಷಾವರ್ಷ ಸುಣ್ಣ ಹೊಡೀತಾರಾ ಸಾರ್?"

ಎಂಜಿನಿಯರ್ ಎದ್ದು ಹತ್ತಿರ ಹೋದರು. ಮೊಬೈಲಿನ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬಿರುಕಿನ ಅಂಚಿನಲ್ಲಿ ಒಂದೊಂದು ವರ್ಷದ ನೀಲಿಸುಣ್ಣವೂ ಪದರಪದರವಾಗಿ ಕೂತಿತ್ತು. ಅಷ್ಟೂ ಪದರಗಳನ್ನು ಬಿರುಕು ಒಂದೇ ಏಟಿಗೆ ಸೀಳಿತ್ತು. "ಹಳೇ ಬಿರುಕಾಗಿದ್ರೆ ಒಳಗೆ ಹಳೇ ಸುಣ್ಣ ಇಳಿದಿರ್ತಿತ್ತು," ಎಂದರು. "ಇಲ್ಲಿ ನಿನ್ನೆ ತುಂಬಿ ಬಳಿದದ್ದು ಬಿಟ್ರೆ ಏನೂ ಇಲ್ಲ." ಕಂಟ್ರಾಕ್ಟರ್ ಬಾಗಿಲಿನಿಂದ ಬೆನ್ನು ತೆಗೆದರು.

ಎಂಜಿನಿಯರ್ ಅದನ್ನು ಹಾಗೆಯೇ ವರದಿಯಲ್ಲಿ ಬರೆದರು. ನಾಲ್ಕೈದು ತಿಂಗಳು ಓಡಾಡಿದ ಬಳಿಕ ಪರಿಹಾರ ಬಂದು, ಗೋಡೆಯನ್ನು ಬಿಚ್ಚಿ ಕಟ್ಟಿದ್ದಾಯಿತು. ಆದರೆ ಆ ಗುರುವಾರ ಎಲ್ಲರೂ ಹೋದ ಮೇಲೆ ನಾನು ಸಂತೋಷದಿಂದ ಒಳಗೆ ಓಡಿದಾಗ, ಖಾಲಾ ಅಡುಗೆಮನೆಯ ನೆಲದ ಮೇಲೆ ಕುಳಿತು, ಮುಖದ ಮೇಲೆ ಸೆರಗು ಎಳೆದುಕೊಂಡಿದ್ದರು. ಗೆದ್ದೆವು ಎಂದೆ. "ಎಲ್ಲರೂ ನೋಡಿ ಹೋದ್ರಲ್ಲ ಬೇಟಾ," ಎಂದರು, ಅಷ್ಟೆ. ಹಾನಿಗೆ ಪರಿಹಾರ ಬೇಡುವವರು ಮೊದಲು ಹಾನಿಯನ್ನು ಪರರೆದುರು ತೆರೆದಿಡಬೇಕು. ಅದರ ಭಾರ ನನ್ನ ಮೂರು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಈಗ ನಮ್ಮ ಕಾರ್ಖಾನೆಯ ಸಹೋದ್ಯೋಗಿಯೊಬ್ಬರು ತಾಯಿಯೊಂದಿಗೆ ಇರುವ ಮನೆಗೂ ಇಂಥದೇ ತೊಂದರೆ ಬಂದಿದೆ. ಅವರ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೇನೆ. ಸೋಮವಾರ ಪರಿಶೀಲನೆ. "ಗೋಡೆ ಹತ್ರ ನಿಂತು ಎಲ್ಲಾ ನೀವೇ ವಿವರಿಸ್ಬೇಕು ಮಾರಾಯ್ರೆ," ಎಂದು ಅವರ ಒತ್ತಾಯ. ಬರುತ್ತೇನೆ, ಆದರೆ ಗೋಡೆಯನ್ನು ನೀವೇ ತೋರಿಸಿ ಎಂದಿದ್ದೇನೆ. ಅಷ್ಟು ಹೊತ್ತು ನಾನು ಒಳಗೆ ಅವರ ತಾಯಿಯ ಬಳಿ ಕೂರುತ್ತೇನೆ.